ಅಮ್ಮನಿಗೆ ಕೊನೆಗಾಲದಲ್ಲಿ ವೆಂಟಿಲೇಟರ್ ಬೇಡ ಎಂದರೆ ಪತ್ರ ಹೇಗೆ ಬರೆಸಬೇಕು, ಎಲ್ಲಿ ಕೊಡಬೇಕು?

ನೀವು ಕೇಳಿರುವುದು ಇಷ್ಟು: ಮೈಸೂರಿನಲ್ಲಿರುವ ತಾಯಿಗೆ 78 ವರ್ಷ. ಕೊನೆಗಾಲದಲ್ಲಿ ಐಸಿಯುನಲ್ಲಿ ಮೆಷಿನ್ ಹಾಕಿ ನರಳಿಸಬೇಡಿ ಎನ್ನುತ್ತಾರೆ. ಅದನ್ನು ಸ್ಟಾಂಪ್ ಪೇಪರ್ ಮೇಲೆ ಬರೆಸಿಟ್ಟರೆ ಆಸ್ಪತ್ರೆಯವರು ಒಪ್ಪುತ್ತಾರಾ, ಮಂಡ್ಯದಲ್ಲಿರುವ ಅಣ್ಣ ಅಡ್ಡ ಬಂದರೆ ಏನು ಗತಿ?

ಅಂಥ ಪತ್ರಕ್ಕೆ ಕಾನೂನಿನ ಬಲ ಇದೆ. ಮುಂಗಡ ವೈದ್ಯಕೀಯ ನಿರ್ದೇಶನ ಅಂತಾರೆ, ರೂಢಿಯಲ್ಲಿ ಲಿವಿಂಗ್ ವಿಲ್. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಕೊಟ್ಟ ತೀರ್ಪು ಇದನ್ನು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಅದೇ ಕೋರ್ಟ್ ವಿಧಾನವನ್ನು ಸರಳಗೊಳಿಸಿತು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ನಮ್ಮ ಆಸ್ಪತ್ರೆಗಳಲ್ಲಿ ಜಾರಿಗೆ ತರಲು ಆದೇಶ ಹೊರಡಿಸಿತು. ಪತ್ರಿಕೆಗಳು ಆಗ 'ದಯಾಮರಣ' ಎಂದು ಬರೆದದ್ದರಿಂದ ಗೊಂದಲ ಹೆಚ್ಚಾಯಿತು. ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಗುಣವಾಗುವ ದಾರಿಯೇ ಇಲ್ಲದಾಗ, ಸಾವನ್ನು ಮುಂದೂಡುವುದಷ್ಟೇ ಕೆಲಸವಾಗಿರುವ ಚಿಕಿತ್ಸೆಯನ್ನು ಶುರು ಮಾಡದಿರುವುದು ಅಥವಾ ನಿಲ್ಲಿಸುವುದು, ಅಷ್ಟೇ.

ಮೊದಲು ಒಂದು ಮಾತು. ತಾಯಿಯವರಿಗೆ ಪ್ರಜ್ಞೆ ಇದ್ದು, ಮಾತಾಡುವ ಶಕ್ತಿ ಇರುವವರೆಗೆ ಈ ಪತ್ರದ ಅಗತ್ಯವೇ ಇಲ್ಲ. ಚಿಕಿತ್ಸೆ ಬೇಡ ಎನ್ನುವ ಹಕ್ಕು ಅವರದೇ, ಅವರ ಬಾಯಿಮಾತೇ ಸಾಕು. ಪತ್ರ ಕೆಲಸಕ್ಕೆ ಬರುವುದು ಅವರು ಹೇಳಲಾರದ ಸ್ಥಿತಿಗೆ ಬಂದ ಮೇಲೆ.

ಇನ್ನು ಬರೆಸುವ ವಿಷಯ. ತೀರ್ಪಿನಲ್ಲಿ ಛಾಪಾ ಕಾಗದ ಕಡ್ಡಾಯ ಎಂದು ಎಲ್ಲೂ ಇಲ್ಲ. ಕಡ್ಡಾಯವಾಗಿರುವುದು ಮೂರು: ತಾಯಿಯವರ ಸಹಿ, ಇಬ್ಬರು ಸಾಕ್ಷಿಗಳ ಸಹಿ, ಮತ್ತು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ. ಸಾಕ್ಷಿಗಳು ಆದಷ್ಟೂ ಹೊರಗಿನವರಾಗಿರಲಿ. ಆಸ್ತಿಯಲ್ಲಿ ಪಾಲು ಬರುವವರನ್ನು ಕರೆಯಬೇಡಿ. ಕೋರ್ಟ್ ಹತ್ತಿರದ ನೋಟರಿವರೆಗೆ ಅವರನ್ನು ಕರೆದೊಯ್ಯುವುದು ಕಷ್ಟವಾದರೆ ಪರಿಚಯದ ಗೆಜೆಟೆಡ್ ಅಧಿಕಾರಿಯಿಂದಲೂ ಆಗುತ್ತದೆ, ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಯೂ ಆಗಬಹುದು. ಒತ್ತಾಯವಿಲ್ಲದೆ, ತಿಳಿದೇ ಸಹಿ ಹಾಕಿದ್ದಾರೆ ಎಂದು ಸಾಕ್ಷಿಗಳೂ ದೃಢೀಕರಿಸುವವರೂ ಬರೆದಿರಬೇಕು. ಕೆಲವು ವಕೀಲರ ಬಳಿ ಇನ್ನೂ 2018ರ ಹಳೆಯ ನಮೂನೆಯೇ ಇದೆ, ಅದರಲ್ಲಿ ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ) ಮ್ಯಾಜಿಸ್ಟ್ರೇಟರ ಸಹಿ ಬೇಕಿತ್ತು. ಈಗ ಬೇಡ. ಹಾಗೆ ಹೇಳಿದವರಿಗೆ 2023ರ ತಿದ್ದುಪಡಿ ನೋಡಲು ಹೇಳಿ.

ಹೆಚ್ಚು ಪತ್ರಗಳು ಸೋಲುವುದು ಒಕ್ಕಣೆಯಲ್ಲಿ. 'ನನಗೆ ಮೆಷಿನ್ ಹಾಕಬೇಡಿ' ಎಂದಷ್ಟೇ ಬರೆದರೆ ವೈದ್ಯರು ಏನು ಮಾಡಬೇಕು? ನ್ಯುಮೋನಿಯಾ ಬಂದವರು ನಾಲ್ಕು ದಿನ ವೆಂಟಿಲೇಟರ್‌ನಲ್ಲಿದ್ದು ನಡೆದುಕೊಂಡು ಮನೆಗೆ ಹೋಗುವುದುಂಟು. ಆದ್ದರಿಂದ ಯಾವ ಸ್ಥಿತಿಯಲ್ಲಿ, ಯಾವ ಚಿಕಿತ್ಸೆ ಬೇಡ ಎಂಬ ಎರಡನ್ನೂ ಜೋಡಿಸಿ ಬರೆಯಬೇಕು. ಅಸ್ಪಷ್ಟವಾಗಿದ್ದರೆ, ಪತ್ರವನ್ನು ಪರಿಶೀಲಿಸಲು ರಚಿಸುವ ವೈದ್ಯಕೀಯ ಮಂಡಳಿ ಅದನ್ನು ಬದಿಗಿಡಬಹುದು. ಹೀಗೆ ಬರೆಯಬಹುದು:

'ನನಗೆ ವಾಸಿಯಾಗದ ಕಾಯಿಲೆ ಕೊನೆಯ ಹಂತಕ್ಕೆ ಬಂದು, ಚೇತರಿಕೆಯ ಸಾಧ್ಯತೆ ಇಲ್ಲವೆಂದು ವೈದ್ಯರು ತೀರ್ಮಾನಿಸಿದಾಗ, ಮತ್ತು ನನ್ನ ಇಚ್ಛೆಯನ್ನು ನಾನೇ ಹೇಳಲಾರದ ಸ್ಥಿತಿಯಲ್ಲಿದ್ದಾಗ, ವೆಂಟಿಲೇಟರ್, ಡಯಾಲಿಸಿಸ್, ಬಿಪಿ ಏರಿಸಿಡುವ ಔಷಧಿ, ಎದೆ ಒತ್ತಿ ಹೃದಯ ಮತ್ತೆ ನಡೆಸುವುದು ಇವುಗಳನ್ನು ಶುರು ಮಾಡಬೇಡಿ. ಶುರು ಮಾಡಿದ್ದರೆ ನಿಲ್ಲಿಸಿ. ನೋವು ಮತ್ತು ಉಸಿರಾಟದ ಸಂಕಟ ತಗ್ಗಿಸುವ ಔಷಧಿಯನ್ನು ಕೊನೆಯವರೆಗೂ ಕೊಡಿ.'

ಆ ಕೊನೆಯ ವಾಕ್ಯವನ್ನು ದಯವಿಟ್ಟು ಬಿಡಬೇಡಿ. ಮೂಗಿನ ನಳಿಗೆಯಲ್ಲಿ ಆಹಾರ ಕೊಡುವ ವಿಷಯವನ್ನು ತಾಯಿಯವರ ಹತ್ತಿರ ಬೇರೆಯಾಗಿಯೇ ಕೇಳಿ. ವೆಂಟಿಲೇಟರ್ ಬೇಡ ಎಂದು ಒಪ್ಪುವ ಮನೆಗಳಲ್ಲೂ 'ಹಸಿವಿನಲ್ಲಿ ಕಳಿಸಿದೆವು' ಎಂಬ ಕೊರಗು ಉಳಿಯುವುದು ಇಲ್ಲೇ. ಅವರ ಉತ್ತರ ಏನೇ ಇರಲಿ, ಅವರ ಮಾತಲ್ಲೇ ಬರೆಯಿರಿ. ಜೊತೆಗೆ, ಇದರ ಪರಿಣಾಮ ನನಗೆ ಅರ್ಥವಾಗಿದೆ, ಯಾವಾಗ ಬೇಕಾದರೂ ಹಿಂತೆಗೆದುಕೊಳ್ಳಬಹುದು ಎಂಬ ಎರಡು ಸಾಲೂ ಇರಬೇಕು. ಕನ್ನಡದಲ್ಲಿ ಬರೆದರೆ ಒಳ್ಳೆಯದೇ, ಅವರು ಓದಿ ಸಹಿ ಹಾಕುತ್ತಾರೆ. ಐಸಿಯು ವೈದ್ಯರಿಗೆ ಕನ್ನಡ ಓದಲು ಬಾರದಿರಬಹುದು, ಹಾಗಾಗಿ ಇಂಗ್ಲಿಷ್ ಅನುವಾದ ಒಂದನ್ನು ಲಗತ್ತಿಸಿ.

ಅವರು ಮಾತಾಡಲಾರದಾಗ ಒಪ್ಪಿಗೆ ಕೊಡುವವರ ಹೆಸರು ಪತ್ರದಲ್ಲೇ ಇರಬೇಕು. ಕನಿಷ್ಠ ಇಬ್ಬರಿರಲಿ, ಒಬ್ಬರು ಊರಲ್ಲೇ ಇರುವವರಾಗಿರಲಿ. ನಿಮ್ಮ ಅಣ್ಣನ ಹೆಸರು ಅಲ್ಲಿ ಇಲ್ಲದಿದ್ದರೆ, ವಿಧಾನದ ಪ್ರಕಾರ ಅವರ ಒಪ್ಪಿಗೆ ಬೇಕಾಗುವುದಿಲ್ಲ. ಆದರೆ ಐಸಿಯು ಬಾಗಿಲಲ್ಲಿ ಮಗನೊಬ್ಬ ಕೂಗಾಡಿದರೆ ವೈದ್ಯರು ಹಿಂಜರಿಯುತ್ತಾರೆ, ಅದು ಸಹಜವೇ. ಅಣ್ಣನನ್ನು ಈಗಲೇ ಕೂರಿಸಿಕೊಂಡು, ನೀವಲ್ಲ, ತಾಯಿಯವರೇ ಓದಿ ಹೇಳಲಿ. ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ.

ಆಸ್ತಿಯ ವಿಲ್‌ನೊಳಗೆ ಇದನ್ನು ಸೇರಿಸಲೇಬೇಡಿ. ಅದನ್ನು ತೆರೆಯುವುದು ಸಾವಿನ ನಂತರ. ಬೀರುವಿನಲ್ಲಿ ಬೀಗ ಹಾಕಿಟ್ಟರೂ ಅದೇ ಗತಿ. ಹೆಸರಿಸಿದ ಇಬ್ಬರಿಗೂ, ಮಾಮೂಲಾಗಿ ತೋರಿಸುವ ವೈದ್ಯರಿಗೂ ಒಂದೊಂದು ಪ್ರತಿ ಕೊಡಿ. ಒಂದು ಪ್ರತಿ ಸ್ಥಳೀಯ ಸಂಸ್ಥೆಗೆ ಹೋಗಬೇಕು: ಮೈಸೂರಿನಲ್ಲಿ ಮಹಾನಗರ ಪಾಲಿಕೆ, ಮಂಡ್ಯ ಪಟ್ಟಣದವರಾದರೆ ನಗರಾಡಳಿತ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ. ಇಂಥ ಪತ್ರಗಳನ್ನು ಕಾಯ್ದಿಡಲು ಆ ಸಂಸ್ಥೆ ಒಬ್ಬ ಅಧಿಕಾರಿಯನ್ನು ಗೊತ್ತು ಮಾಡಬೇಕು. ಕಿಟಕಿಯಲ್ಲಿ ಕೂತವರು 'ಇಂಥದ್ದು ಕೇಳೇ ಇಲ್ಲ' ಎಂದರೆ ವಾಪಸ್ ಬರಬೇಡಿ. ಆಯುಕ್ತರಿಗೆ ಒಂದು ಮುಖಪತ್ರ ಬರೆದು, ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಆಮೇಲೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ, ನಿಯೋಜಿತ ಅಧಿಕಾರಿ ಯಾರು ಎಂದು ಕೇಳಿ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಅಧಿಕಾರಿಯನ್ನು ನೇಮಿಸಿಲ್ಲವಾದರೆ ಈ ಅರ್ಜಿಯೇ ನೇಮಕಕ್ಕೆ ದಾರಿ ಮಾಡಬಹುದು.

ಆಸ್ಪತ್ರೆಯಲ್ಲಿ ನಡೆಯುವುದು ಹೀಗೆ. ಚೇತರಿಕೆ ಇಲ್ಲ ಎಂದು ಕಂಡಾಗ ಚಿಕಿತ್ಸೆ ಕೊಡುತ್ತಿರುವ ವೈದ್ಯರು ಪತ್ರ ಅಸಲಿಯೇ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಆಸ್ಪತ್ರೆ ಒಂದು ಪ್ರಾಥಮಿಕ ಮಂಡಳಿ ರಚಿಸುತ್ತದೆ: ಆ ವೈದ್ಯರು ಮತ್ತು ಕನಿಷ್ಠ 5 ವರ್ಷ ಅನುಭವದ ಇಬ್ಬರು ತಜ್ಞರು. ಅವರ ಅಭಿಪ್ರಾಯ ಆದಷ್ಟೂ 48 ಗಂಟೆಯೊಳಗೆ ಬರಬೇಕು. ನಂತರ ದ್ವಿತೀಯ ಮಂಡಳಿ: ಮೊದಲ ಮಂಡಳಿಯಲ್ಲಿ ಇಲ್ಲದ ಇಬ್ಬರು ತಜ್ಞರು ಮತ್ತು ಜಿಲ್ಲಾ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ವೈದ್ಯರು. ಇಲ್ಲೂ 48 ಗಂಟೆ. ಎರಡೂ ಮಂಡಳಿಗಳು ಒಪ್ಪಿ, ಪತ್ರದಲ್ಲಿ ಹೆಸರಿಸಿದವರೂ ಒಪ್ಪಿದರೆ, ಚಿಕಿತ್ಸೆ ನಿಲ್ಲಿಸುವ ಮೊದಲು ಆಸ್ಪತ್ರೆ ಜೆಎಂಎಫ್‌ಸಿ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ತಿಳಿಸುವುದಷ್ಟೇ, ಅನುಮತಿ ಕೇಳುವುದಲ್ಲ. ತಿಳಿಸಬೇಕಾದವರೂ ಆಸ್ಪತ್ರೆಯವರು, ನೀವಲ್ಲ. 'ಕೋರ್ಟ್ ಆರ್ಡರ್ ತನ್ನಿ' ಎಂದರೆ ಇದನ್ನೇ ಹೇಳಿ. ಮಂಡಳಿ ಒಪ್ಪದಿದ್ದರೆ ಮಾತ್ರ ಹೈಕೋರ್ಟ್‌ಗೆ ಹೋಗುವ ದಾರಿ.

ಸಾಮಾನ್ಯವಾಗಿ ತಡವಾಗುವುದು ಜಿಲ್ಲಾ ಆರೋಗ್ಯಾಧಿಕಾರಿಯ ನಾಮನಿರ್ದೇಶನದಲ್ಲಿ. ಅಂಗಾಂಗ ಕಸಿ ಕಾಯ್ದೆಯಡಿ ಮಾನ್ಯತೆ ಪಡೆದ ನರರೋಗ ತಜ್ಞರು, ನರಶಸ್ತ್ರ ತಜ್ಞರು, ಸರ್ಜನ್, ಅರಿವಳಿಕೆ ತಜ್ಞರು ಅಥವಾ ಐಸಿಯು ತಜ್ಞರನ್ನು ಈ ಸ್ಥಾನಕ್ಕೆ ಸೂಚಿಸಬಹುದು ಎಂದು ರಾಜ್ಯದ ಆದೇಶ ಹೇಳಿರುವುದು ಈ ತೊಡಕಿಗೇ. ಆದ್ದರಿಂದ ನೀವು ಹೋಗುವ ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರನ್ನು ಈಗಲೇ ಕೇಳಿ: ಮಂಡಳಿಗಳು ಇವೆಯೇ, ನಾಮನಿರ್ದೇಶಿತ ವೈದ್ಯರು ಯಾರು? ಸಣ್ಣ ನರ್ಸಿಂಗ್ ಹೋಂಗಳಲ್ಲಿ ಇಷ್ಟು ತಜ್ಞರು ಇರುವುದಿಲ್ಲ.

ಇನ್ನೊಂದು ಎಚ್ಚರಿಕೆ. ಮಂಡಳಿಯ ಗೋಜಲು ಬೇಡವೆಂದು 'ಸಹಿ ಹಾಕಿ ಮನೆಗೆ ಕರೆದುಕೊಂಡು ಹೋಗಿ' ಎನ್ನುವುದುಂಟು. ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ ಎಂದು ಬರೆಸಿಕೊಳ್ಳುತ್ತಾರೆ. ಆಗ ಹೊಣೆಯೆಲ್ಲ ನಿಮ್ಮ ತಲೆಗೆ. ನೋವಿನ ಔಷಧಿ ಇಲ್ಲದೆ, ಆಮ್ಲಜನಕ ಇಲ್ಲದೆ, ಉಸಿರಿಗಾಗಿ ಪರದಾಡುವ ತಾಯಿಯ ಪಕ್ಕ ಕೂರಬೇಕಾಗುತ್ತದೆ. ಮನೆಯಲ್ಲೇ ಇರಬೇಕೆಂಬುದು ತಾಯಿಯವರ ಆಸೆಯಾದರೆ ಕರೆದೊಯ್ಯಿರಿ, ಆದರೆ ಉಪಶಮನ ಚಿಕಿತ್ಸೆಯ ಔಷಧಿ ಚೀಟಿ ಮತ್ತು ರಾತ್ರಿ ಫೋನ್ ಎತ್ತುವ ವೈದ್ಯರ ನಂಬರ್ ಇಲ್ಲದೆ ಆ ಫಾರಂಗೆ ಸಹಿ ಹಾಕಬೇಡಿ.

108 ಆಂಬುಲೆನ್ಸ್‌ನವರಾಗಲಿ ತುರ್ತು ವಿಭಾಗದವರಾಗಲಿ ಈ ಪತ್ರ ನೋಡಿ ಕೈಬಿಡುವುದಿಲ್ಲ; ಮೊದಲು ಜೀವ ಉಳಿಸುವ ಕೆಲಸ ಮಾಡುತ್ತಾರೆ, ಮಾಡಬೇಕಾದದ್ದೂ ಅದೇ. ವೆಂಟಿಲೇಟರ್ ಹಾಕಿಬಿಟ್ಟರು ಎಂದು ಪತ್ರ ವ್ಯರ್ಥವಾಗುವುದಿಲ್ಲ, ನಿಲ್ಲಿಸುವುದಕ್ಕೂ ಅದು ಅನ್ವಯಿಸುತ್ತದೆ.

ತಾಯಿಯವರ ಮನಸ್ಸು ಬದಲಾದರೆ ಲಿಖಿತವಾಗಿ ರದ್ದು ಮಾಡಬಹುದು, ಹೊಸದಾಗಿ ಬರೆಸಬಹುದು. ಎರಡು ಪತ್ರ ಇದ್ದರೆ ಕೊನೆಯದಾಗಿ ಸಹಿ ಮಾಡಿದ್ದೇ ನಿಲ್ಲುತ್ತದೆ. ಆಗ ಹಳೆಯ ಪ್ರತಿ ಕೊಟ್ಟ ಪ್ರತಿ ಜಾಗಕ್ಕೂ, ಪಾಲಿಕೆಯ ಟಪಾಲು ಸೇರಿದಂತೆ, ಹೊಸದನ್ನು ತಲುಪಿಸಿ ಮತ್ತೆ ಸ್ವೀಕೃತಿ ಪಡೆಯಿರಿ.