ಪ್ರಾಡಕ್ಟ್ ಡಿಸೈನ್ ಓದ್ಬೇಕು ಅಂತಿರೋರ ಪ್ರಶ್ನೆಗಳು

ಪಿಯು ಪರೀಕ್ಷೆ ಸೀಸನ್ ಬಂದ್ರೆ ಈ ಅಂಕಣಕ್ಕೆ ಬರೋ ಪತ್ರಗಳೂ ಕೋರ್ಸು, ಕಾಲೇಜು ಅಂತಾನೇ ಇರತ್ತೆ. ಈ ಸಲ ಪ್ರಾಡಕ್ಟ್ ಡಿಸೈನ್ ಎಂಜಿನಿಯರಿಂಗ್ ಬಗ್ಗೆ ಕೇಳಿದವರು ಜಾಸ್ತಿ, ಅದಕ್ಕೆ ಪೂರ್ತಿ ಅಂಕಣ ಅದಕ್ಕೇ ಬಿಟ್ಟಿದೀನಿ.

ಪ್ರಶ್ನೆ: ಮೇಡಂ, ನಾನು ಸೆಕೆಂಡ್ ಪಿಯು, ಪಿಸಿಎಂಸಿ. ಮನೇಲಿ ಮಿಕ್ಸಿ, ಫ್ಯಾನು ಏನೇ ಕೆಟ್ರೂ ಸ್ಕ್ರೂಡ್ರೈವರ್ ಹಿಡ್ಕೊಂಡು ಬಿಚ್ಚೋದು ನಾನೇ. ಪ್ರಾಡಕ್ಟ್ ಡಿಸೈನ್ ಓದ್ಬೇಕು ಅಂತ ಆಸೆ, ಆದ್ರೆ ಡ್ರಾಯಿಂಗ್ ಅಷ್ಟು ಚೆನ್ನಾಗಿ ಬರಲ್ಲ. ಮೆಕ್ಯಾನಿಕಲ್ ಸೇರೋದಾ, ಬಿ.ಡಿಸೈನ್ ಮಾಡೋದಾ? ಅಪ್ಪ ಕಂಪ್ಯೂಟರ್ ಸೈನ್ಸ್ ಬಿಟ್ಟು ಮಾತೇ ಆಡ್ತಿಲ್ಲ.
– ವಿದ್ಯಾರ್ಥಿನಿ, ರಾಣೇಬೆನ್ನೂರು

ಉತ್ತರ: ಮಗೂ, ನೀನು ಬಿಚ್ಚಿರೋ ಮಿಕ್ಸಿನೇ ತಗೋ. ಮೋಟರ್ ಎಷ್ಟು ಬಿಸಿ ಆಗತ್ತೆ, ಬ್ಲೇಡಿಗೆ ಎಷ್ಟು ಟಾರ್ಕ್, ಅಂದ್ರೆ ತಿರುಗಿಸೋ ಬಲ ಬೇಕು, ಬುಷ್ ಯಾಕೆ ಸವೆಯತ್ತೆ, ಇದು ಎಂಜಿನಿಯರಿಂಗ್ ಪ್ರಶ್ನೆ. ಒದ್ದೆ ಕೈಯಲ್ಲಿ ಜಾರಿನ ಹಿಡಿ ಜಾರತ್ತಾ, ಮುಚ್ಚಳದ ರಬ್ಬರ್ ಕೆಳಗೆ ಚಟ್ನಿ ಸಿಕ್ಕಾಕೊಂಡ್ರೆ ತೊಳೆಯೋಕೆ ಆಗತ್ತಾ, ಅಜ್ಜಿಗೆ ಆ ನಾಬ್ ತಿರುಗಿಸೋಕೆ ಬರತ್ತಾ, ಇದು ಡಿಸೈನ್ ಪ್ರಶ್ನೆ. ಪ್ರಾಡಕ್ಟ್ ಡಿಸೈನ್ ಎಂಜಿನಿಯರ್ ಅನ್ನೋರು ಈ ಎರಡಕ್ಕೂ ಒಟ್ಟಿಗೆ ಉತ್ತರ ಹುಡುಕ್ಬೇಕು, ಯಾಕಂದ್ರೆ ಹಿಡಿ ಶೇಪ್ ಬದಲಾಯಿಸಿದ್ರೆ ಪ್ಲಾಸ್ಟಿಕ್ ಅಚ್ಚು ಬದಲಾಗತ್ತೆ, ಅಚ್ಚಿಂದ ಪೀಸು ಸಲೀಸಾಗಿ ಹೊರಗೆ ಬರೋಕೆ ಗೋಡೆಗೆ ಒಂದೆರಡು ಡಿಗ್ರಿ ಇಳಿಜಾರು ಕೊಡ್ಬೇಕು, ಗೋಡೆ ಒಂದು ಕಡೆ ದಪ್ಪ ಆದ್ರೆ ತಣ್ಣಗಾಗೋವಾಗ ಅಲ್ಲಿ ಗುಳಿ ಬೀಳತ್ತೆ. ಇದೆಲ್ಲ ಗೊತ್ತಿಲ್ದೆ ಬರೀ ಚಂದದ ಚಿತ್ರ ಬರೆದ್ರೆ ಅದನ್ನ ಫ್ಯಾಕ್ಟರಿಲಿ ಮಾಡೋಕೆ ಆಗಲ್ಲ, ಬರೀ ಲೆಕ್ಕ ಮಾಡಿದ್ರೆ ಮನೇಲಿ ಬಳಸೋರಿಗೆ ಕಷ್ಟ.

ಈಗ ದಾರಿ ಯಾವುದು ಅಂತ. ಒಂದು, ನೇರ ಬಿ.ಡಿಸೈನ್, ಅಂದ್ರೆ ಡಿಸೈನಲ್ಲೇ ಡಿಗ್ರಿ. ಐಐಟಿಗಳ ಬಿ.ಡಿಸೈನ್‌ಗೆ ಯೂಸೀಡ್ ಅಂತ ಪರೀಕ್ಷೆ, ಐಐಟಿ ಬಾಂಬೆ ನಡೆಸತ್ತೆ, ಸಾಮಾನ್ಯವಾಗಿ ಜನವರಿಯಲ್ಲಿ, ಅಂದ್ರೆ ಅರ್ಜಿ ಹಾಕೋದು ಹಿಂದಿನ ವರ್ಷದ ಕೊನೇಲೇ, ಪಿಯು ಮುಗಿದ್ಮೇಲೆ ನೋಡೋಣ ಅಂದ್ರೆ ಒಂದು ವರ್ಷ ಹೋಯ್ತು ಅಂತಾನೇ ಲೆಕ್ಕ. ಇದಕ್ಕೆ ಜೆಇಇ ಬೇಕಿಲ್ಲ. ಅಹಮದಾಬಾದಿನ ಎನ್‌ಐಡಿಗೆ, ಅಂದ್ರೆ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಡಿಸೈನ್‌ಗೆ, ಬೇರೆ ಪರೀಕ್ಷೆ, ಡ್ಯಾಟ್ ಅಂತಾರೆ, ಪ್ರಿಲಿಮ್ಸ್ ಮೇನ್ಸ್ ಅಂತ ಎರಡು ಹಂತ. 1961ರಲ್ಲಿ ಶುರುವಾದ ಸಂಸ್ಥೆ ಅದು, ನಮ್ಮ ದೇಶದಲ್ಲಿ ಡಿಸೈನ್ ಓದಿಗೆ ಒಂದು ರೂಪ ಬಂದಿದ್ದೇ ಅಲ್ಲಿಂದ. ಎರಡನೇ ದಾರಿ ಐಐಟಿ ಮದ್ರಾಸಿನ ಎಂಜಿನಿಯರಿಂಗ್ ಡಿಸೈನ್ ವಿಭಾಗ, ಇದು ಬಿ.ಟೆಕ್ ಕಡೆಯದು, ಜೆಇಇ ಅಡ್ವಾನ್ಸ್ಡ್ ಮೂಲಕವೇ ಹೋಗ್ಬೇಕು. ಬೆಂಗಳೂರಿನ ರಸ್ತೇಲಿ ಓಡಾಡ್ತಿರೋ ಏಥರ್ ಸ್ಕೂಟರ್ ನೋಡಿರ್ತೀಯಲ್ಲ, 2013ರಲ್ಲಿ ಆ ಕಂಪನಿ ಕಟ್ಟಿದ ತರುಣ್ ಮೆಹ್ತಾ, ಸ್ವಪ್ನಿಲ್ ಜೈನ್ ಇಬ್ರೂ ಓದಿದ್ದು ಅದೇ ವಿಭಾಗದಲ್ಲಿ. ಮೂರನೇದು ಮೆಕ್ಯಾನಿಕಲ್ ಬಿ.ಇ. ಮುಗಿಸಿ ಡಿಸೈನಲ್ಲಿ ಮಾಸ್ಟರ್ಸ್, ಅಂದ್ರೆ ಎಂ.ಡಿಸೈನ್‌ಗೆ ಹೋಗೋದು, ಅದನ್ನ ಕೆಳಗೆ ದಾವಣಗೆರೆಯ ಪತ್ರಕ್ಕೆ ಕೊಟ್ಟ ಉತ್ತರದಲ್ಲಿ ಹೇಳಿದೀನಿ.

ನಿನಗೆ ಮ್ಯಾಥ್ಸ್, ಫಿಸಿಕ್ಸ್ ಇಷ್ಟ ಇದ್ರೆ ಎರಡು ಅಥವಾ ಮೂರನೇ ದಾರಿ. ಬಿ.ಡಿಸೈನ್‌ಲಿ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್, ಥರ್ಮೋಡೈನಾಮಿಕ್ಸ್ ಅಂತ ಎಂಜಿನಿಯರಿಂಗ್ ವಿಷಯಗಳ ಅಷ್ಟು ಆಳಕ್ಕೆ ಹೋಗಲ್ಲ, ಅದ್ರ ಬದಲು ಮರ, ಲೋಹ, ಜೇಡಿಮಣ್ಣು ಹಿಡ್ಕೊಂಡು ವರ್ಕ್‌ಶಾಪಲ್ಲಿ ಗಂಟೆಗಟ್ಟಲೆ ಕೆಲಸ, ಜನರ ಹತ್ರ ಹೋಗಿ ನೋಡೋದು, ಮಾಡೆಲ್ ಮಾಡೋದು, ಮತ್ತೆ ಮಾಡೋದು. ಸೆಮಿಸ್ಟರ್ ಕೊನೇಲಿ ಜ್ಯೂರಿ ಇರತ್ತೆ, ನಾಲ್ಕೈದು ಜನ ಮೇಷ್ಟ್ರುಗಳ ಮುಂದೆ ನಿಂತು ಯಾಕೆ ಹೀಗೆ ಮಾಡಿದೆ ಅಂತ ಹೇಳ್ಬೇಕು, ಗೈಡ್ ಓದಿ ಪಾಸಾಗೋ ಪರೀಕ್ಷೆ ಅಲ್ಲ ಅದು. ಪಿಯುವರೆಗೂ ಬರೀ ಮಾರ್ಕ್ಸ್ ಮೇಲೇ ಬೆಳೆದ ಮಕ್ಕಳಿಗೆ ಮೊದಲ ವರ್ಷ ಇದು ತುಂಬ ಕಷ್ಟ ಆಗತ್ತೆ, ರಾತ್ರಿಯೆಲ್ಲ ಕೂತು ಮಾಡಿದ ಮಾಡೆಲ್ ಸರಿ ಇಲ್ಲ ಅಂದ್ರೆ ಅಳು ಬರತ್ತೆ, ಅದಕ್ಕೆ ಮನಸ್ಸು ಗಟ್ಟಿ ಮಾಡ್ಕೊಂಡಿರು.

ಡ್ರಾಯಿಂಗ್ ಬಗ್ಗೆ ಹೆದರ್ಬೇಡ. ಇಲ್ಲಿ ಬೇಕಿರೋದು ಮುಖ ಹಂಗೇ ಬಿಡಿಸೋ ಕಲೆ ಅಲ್ಲ, ತಲೇಲಿರೋ ವಸ್ತು ಹೇಗೆ ತೆರೆಯತ್ತೆ, ಯಾವ ಭಾಗ ಯಾವುದರೊಳಗೆ ಕೂರತ್ತೆ ಅಂತ ಎದುರಿಗಿರೋರಿಗೆ ಅರ್ಥ ಆಗೋ ಹಾಗೆ ಗೀಚೋದು. ದಿನಾ ಒಂದು ವಸ್ತು ಮುಂದಿಟ್ಕೊಂಡು ಮೂರು ಕಡೆಯಿಂದ ಬರಿ, ಟಿಫಿನ್ ಕ್ಯಾರಿಯರ್ ಕ್ಲಿಪ್ಪು, ಬೀಗ, ಸೈಕಲ್ ಬ್ರೇಕು. ಆರು ತಿಂಗಳಲ್ಲಿ ಕೈ ಕೂರತ್ತೆ.

ಅಪ್ಪನಿಗೆ ಈ ಮುಂದಿನ ಪತ್ರದ ಉತ್ತರ ಓದಿ ಹೇಳು.

ಪ್ರಶ್ನೆ: ಮಗ ಡಿಸೈನ್ ಓದ್ತೀನಿ ಅಂತ ಹಟ ಹಿಡಿದಿದಾನೆ. ನಮಗೆ ಇದು ಹೊಸದು. ಮೇಲಿನ ಅಂದಚಂದ ಮಾಡೋ ಕೆಲಸಕ್ಕೆ ಯಾರು ಸಂಬಳ ಕೊಡ್ತಾರೆ? ಫೀಸು ಬೇರೆ ಲಕ್ಷಗಟ್ಟಲೆ.
– ತಂದೆ, ತುಮಕೂರು

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದೇ ಸರ್, ದುಡ್ಡು ಹಾಕೋರು ನೀವು, ಕೇಳ್ಲೇಬೇಕು. ಆದ್ರೆ ಅಂದಚಂದ ಅನ್ನೋದು ಈ ಕೆಲಸದ ಒಂದು ತುದಿ ಮಾತ್ರ. ಬೆಂಗಳೂರಲ್ಲೇ ನಡೆದ ಒಂದು ಕೆಲಸ ಹೇಳ್ತೀನಿ. ಜಿಇ ಹೆಲ್ತ್‌ಕೇರ್‌ನವರ ಎಂಜಿನಿಯರುಗಳು ಇಲ್ಲಿ ಮ್ಯಾಕ್ 400 ಅನ್ನೋ ಇಸಿಜಿ ಮಷೀನ್ ಮಾಡಿದ್ರು. ಆಗ ದೊಡ್ಡಾಸ್ಪತ್ರೆಯ ಇಸಿಜಿ ಮಷೀನ್ ಭಾರ, ದುಬಾರಿ, ಹಳ್ಳಿ ಡಾಕ್ಟರಿಗೆ ಅದ್ರಿಂದ ಉಪಯೋಗ ಇರ್ಲಿಲ್ಲ. ಇವ್ರು ದೊಡ್ಡ ಪ್ರಿಂಟರ್ ತೆಗೆದು ಬಸ್ ಸ್ಟ್ಯಾಂಡಲ್ಲಿ ಟಿಕೆಟ್ ಕೊಡೋ ಥರದ ಸಣ್ಣ ಪ್ರಿಂಟರನ್ನೇ ಬದಲಾಯಿಸಿ ಹಾಕಿದ್ರು, ಬ್ಯಾಟರಿ ಮೇಲೆ ನಡೆಯೋ ಹಾಗೆ ಮಾಡಿದ್ರು, ಬ್ಯಾಗಲ್ಲಿ ಹೊತ್ಕೊಂಡು ಹೋಗೋ ಹಾಗಾಯ್ತು. ಬೆಲೆ ಇಳಿದಿದ್ದು, ಭಾರ ಇಳಿದಿದ್ದು ಎಲ್ಲ ಯಾರೋ ಕೂತು ಹಳ್ಳಿ ಕ್ಲಿನಿಕ್ ಬಗ್ಗೆ ಯೋಚನೆ ಮಾಡಿದ್ರಿಂದ, ಇದಕ್ಕೇ ಕಂಪನಿಯವರು ಸಂಬಳ ಕೊಡೋದು. ಟೈಟಾನ್ 2002ರಲ್ಲಿ ಎಡ್ಜ್ ವಾಚ್ ತಂದಾಗ್ಲೂ ಹಾಗೇ, ಪೂರ್ತಿ ವಾಚಿನ ದಪ್ಪ 3.5 ಮಿಲಿಮೀಟರ್, ಒಳಗೆ ಮುಳ್ಳು ತಿರುಗಿಸೋ ಯಂತ್ರ, ಅಂದ್ರೆ ಮೂವ್‌ಮೆಂಟ್, 1.15 ಮಿಲಿಮೀಟರ್, ಒಳಗಿನ ಎಂಜಿನಿಯರಿಂಗೂ ಹೊರಗಿನ ಡಿಸೈನೂ ಜೊತೆಗೆ ಕೂರದೆ ಅಷ್ಟು ತೆಳು ಮಾಡೋಕೆ ಆಗ್ತಿರ್ಲಿಲ್ಲ.

ಕೆಲಸ ಇರೋದು ಸ್ಕೂಟರು, ವಾಚು, ಅಡುಗೆಮನೆ ಸಾಮಾನು, ಆಸ್ಪತ್ರೆ ಉಪಕರಣ ಮಾಡೋ ಕಂಪನಿಗಳಲ್ಲಿ, ಸಣ್ಣ ಡಿಸೈನ್ ಸ್ಟುಡಿಯೋಗಳಲ್ಲಿ, ಬೆಂಗಳೂರು ಹೊಸೂರು ಕಡೆ ಇಂಥವು ಸುಮಾರಿವೆ. ಸಾಫ್ಟ್‌ವೇರ್ ಥರ ಒಂದೇ ದಿನ ಕಾಲೇಜಿಗೆ ಬಂದು ನೂರಾರು ಜನರನ್ನ ತಗೊಂಡು ಹೋಗಲ್ಲ, ಒಬ್ಬಿಬ್ಬರನ್ನ ಅವರು ಮಾಡಿರೋ ಕೆಲಸ ನೋಡಿ ತಗೋತಾರೆ. ಇದನ್ನ ಮೊದಲೇ ತಿಳ್ಕೊಂಡಿರಿ.

ಫೀಸಿನ ವಿಷಯ ಗಟ್ಟಿಯಾಗೇ ಹೇಳ್ತೀನಿ. ಸರ್ಕಾರಿ ಸಂಸ್ಥೆಲಿ ಸೀಟು ಸಿಗದೆ ಖಾಸಗಿ ಕಡೆ ಹೋಗೋ ಹಾಗಿದ್ರೆ ಬ್ರೋಷರ್ ನೋಡಿ ದುಡ್ಡು ಕಟ್ಬೇಡಿ. ಮಗನ್ನ ಕರ್ಕೊಂಡು ಆ ಕಾಲೇಜಿನ ವರ್ಕ್‌ಶಾಪಿಗೆ ಹೋಗಿ. ಲೇತ್ ಮೇಲೆ ಧೂಳು ಕೂತಿದ್ಯಾ, ಮೂರನೇ ವರ್ಷದ ಮಕ್ಕಳು ಕೈಯಲ್ಲಿ ಮಾಡಿರೋ ಮಾಡೆಲ್ ಎಲ್ಲಿದೆ, ಸಂಜೆ ಐದು ಗಂಟೆಗೆ ಬೀಗ ಹಾಕ್ತಾರಾ ಅಥವಾ ಮಕ್ಕಳು ಕೆಲಸ ಮಾಡ್ತಿರ್ತಾರಾ, ಇಷ್ಟು ನೋಡಿ. ಹಳೇ ವಿದ್ಯಾರ್ಥಿಗಳು ಈಗ ಎಲ್ಲಿದಾರೆ ಕೇಳಿ. ಬರೀ ಕಂಪ್ಯೂಟರ್ ಲ್ಯಾಬ್ ತೋರಿಸಿ ಕಳಿಸಿದ್ರೆ ಅಲ್ಲಿ ಸೇರಿಸ್ಬೇಡಿ. ವಸ್ತು ಮುಟ್ಟದೆ ಪ್ರಾಡಕ್ಟ್ ಡಿಸೈನ್ ಕಲಿಯೋಕೆ ಆಗಲ್ಲ, ಇದ್ರಲ್ಲಿ ನಂಗೆ ಎರಡು ಮಾತಿಲ್ಲ.

ಪ್ರಶ್ನೆ: ವಿಟಿಯು ಕಾಲೇಜಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷ. ಎಂ.ಡಿಸೈನ್ ಮಾಡ್ಬೇಕು ಅಂತಿದೀನಿ. ಪೋರ್ಟ್‌ಫೋಲಿಯೋ ಕೇಳ್ತಾರಂತೆ, ನನ್ನ ಹತ್ರ ಸಾಲಿಡ್‌ವರ್ಕ್ಸ್‌ಲಿ ಮಾಡಿರೋ ಕಾರಿನ ಮಾಡೆಲ್ ಇದೆ ಅಷ್ಟೆ. ಸಾಕಾ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಸಾಲಲ್ಲ. ಆದ್ರೆ ಇನ್ನೂ ಟೈಮಿದೆ.

ಮೊದಲು ಪರೀಕ್ಷೆ: ಸೀಡ್, ಇದನ್ನೂ ಐಐಟಿ ಬಾಂಬೆನೇ ನಡೆಸತ್ತೆ, ಫೈನಲ್ ಇಯರಲ್ಲಿ ಬರೀಬಹುದು, ಎಷ್ಟು ಸಲ ಬೇಕಾದ್ರೂ ಬರೀಬಹುದು, ಸ್ಕೋರ್ ಒಂದು ವರ್ಷ ನಡೆಯತ್ತೆ. ಐಐಟಿ ಬಾಂಬೆಯ ಡಿಸೈನ್ ವಿಭಾಗ ಐಡಿಸಿ 1969ರಿಂದ ಇದೆ, ನಮ್ಮ ಚುನಾವಣೆಯ ಇವಿಎಂ ಪೆಟ್ಟಿಗೆಯ ಡಿಸೈನಲ್ಲಿ ಅಲ್ಲಿನ ಮೇಷ್ಟ್ರುಗಳ ಕೈ ಇದೆ. ಆದ್ರೆ ನಿನಗೆ ನಾನು ಮೊದಲು ಹೇಳೋದು ಬೆಂಗಳೂರಿನ ಐಐಎಸ್ಸಿ. ಅಲ್ಲಿ ಎರಡು ವರ್ಷದ ಎಂ.ಡಿಸೈನ್ ಇದೆ, ಪ್ರಾಡಕ್ಟ್ ಡಿಸೈನ್ ಅಂಡ್ ಎಂಜಿನಿಯರಿಂಗ್ ಅಂತಾನೇ ಹೆಸರು, ಎಂಜಿನಿಯರಿಂಗ್ ಓದಿರೋರಿಗೆ ಅಂತಾನೇ ಕಟ್ಟಿರೋ ಕೋರ್ಸು, ಗೇಟ್ ಅಥವಾ ಸೀಡ್ ಸ್ಕೋರ್ ಮೇಲೆ ಕರೀತಾರೆ. ನಿನ್ನ ಮೆಕ್ಯಾನಿಕಲ್ ಓದು ಅಲ್ಲಿ ವೇಸ್ಟ್ ಆಗಲ್ಲ.

ಈಗ ಪೋರ್ಟ್‌ಫೋಲಿಯೋ, ಅಂದ್ರೆ ನೀನು ಮಾಡಿರೋ ಕೆಲಸಗಳ ಸಂಗ್ರಹ. ಕಾರಿನ ಮಾಡೆಲ್ ಸಾವಿರ ಜನ ತರ್ತಾರೆ. ನೋಡೋರಿಗೆ ಬೇಕಿರೋದು ನಿನಗೆ ಸಾಫ್ಟ್‌ವೇರ್ ಬರತ್ತೆ ಅನ್ನೋದಲ್ಲ, ನೀನು ಒಂದು ಕಷ್ಟ ಹೇಗೆ ನೋಡ್ತೀಯ ಅನ್ನೋದು. ನಿನ್ನ ಊರ ಸುತ್ತ ಚನ್ನಗಿರಿ ಕಡೆಯೆಲ್ಲ ಅಡಿಕೆ ತೋಟ ಇದೆಯಲ್ಲ. ಸುಗ್ಗಿಲಿ ಅಡಿಕೆ ಸುಲಿಯೋ ಹೆಂಗಸರ ಹತ್ರ ಒಂದಿಡೀ ದಿನ ಕೂತ್ಕೋ. ಕತ್ತಿ ಎಷ್ಟು ಎತ್ತರದಲ್ಲಿದೆ, ಬೆನ್ನು ಎಷ್ಟು ಬಾಗತ್ತೆ, ಯಾವ ಬೆರಳಿಗೆ ಗಾಯ ಆಗತ್ತೆ, ಮಷೀನ್ ಬಂದಿದ್ರೂ ಕೈಯಲ್ಲೇ ಯಾಕೆ ಸುಲೀತಿದಾರೆ ಕೇಳು. ಫೋಟೋ ತೆಗಿ, ಗೀಚು. ಆಮೇಲೆ ರಟ್ಟು, ಥರ್ಮಾಕೋಲ್, ಹಳೇ ಪ್ಲೈವುಡ್ ಏನು ಸಿಗತ್ತೋ ಅದ್ರಲ್ಲಿ ಕೂರೋ ಮಣೆನೋ ಹಿಡಿನೋ ಮಾಡಿ ಅವರಿಗೇ ಕೊಡು. ಅವರು ಬೇಡ ಅಂತ ಪಕ್ಕಕ್ಕಿಟ್ರೆ ಯಾಕೆ ಅಂತ ಬರ್ಕೋ, ಎರಡನೇದು ಮಾಡು. ಬೇಡ ಅಂದಿದ್ದನ್ನೂ ಪೋರ್ಟ್‌ಫೋಲಿಯೋಲಿ ಹಾಕು, ಯೋಚನೆ ಎಲ್ಲಿ ತಿರುಗ್ತು ಅಂತ ಅದ್ರಲ್ಲೇ ಕಾಣೋದು.

ಹೀಗೆ ಹೋಗಿ ನೋಡೋದ್ರಿಂದ ಪ್ರಶ್ನೆನೇ ಬದಲಾಗತ್ತೆ. 2007ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ಲಿ ಒಂದು ಕ್ಲಾಸ್ ಪ್ರಾಜೆಕ್ಟಿಗೆ ವಿದ್ಯಾರ್ಥಿಗಳಿಗೆ ಕಮ್ಮಿ ಬೆಲೆಯ ಇನ್‌ಕ್ಯುಬೇಟರ್, ಅಂದ್ರೆ ಕೂಸನ್ನ ಬೆಚ್ಚಗಿಡೋ ಪೆಟ್ಟಿಗೆ, ಮಾಡಿ ಅಂತ ಕೊಟ್ಟಿದ್ರು. ನೇಪಾಳದ ಆಸ್ಪತ್ರೆಗೆ ಹೋಗಿ ನೋಡಿದ್ರೆ ಇರೋ ಇನ್‌ಕ್ಯುಬೇಟರ್‌ಗಳೇ ಸುಮ್ನೆ ಬಿದ್ದಿವೆ, ತಿಂಗಳು ತುಂಬದ ಕೂಸುಗಳು ಹುಟ್ತಿರೋದು ಕರೆಂಟಿಲ್ಲದ ದೂರದ ಹಳ್ಳಿಲಿ. ಆಗ ಅವರು ಇನ್‌ಕ್ಯುಬೇಟರ್ ಬಿಟ್ಟು ಕೂಸನ್ನ ಸುತ್ತೋ ಚೀಲ ಮಾಡಿದ್ರು, ಅದ್ರೊಳಗೆ ಮೇಣದಂಥ ವಸ್ತು, ಒಂದ್ಸಲ ಕಾಯಿಸಿಟ್ರೆ ಗಟ್ಟಿಯಾಗ್ತಾ ಗಂಟೆಗಟ್ಟಲೆ ಮೈ ಬಿಸಿಯಷ್ಟೇ, ಅಂದ್ರೆ 37 ಡಿಗ್ರಿ ಹತ್ರ ಹಿಡಿದಿರತ್ತೆ. ಎಂಬ್ರೇಸ್ ಅಂತ ಹೆಸರು, ಆ ತಂಡ ಆಮೇಲೆ ನಮ್ಮ ಬೆಂಗಳೂರಿಗೇ ಬಂದು ಅದನ್ನ ಮುಂದುವರಿಸ್ತು. ಅವರು ಕ್ಲಾಸ್‌ರೂಮಲ್ಲೇ ಕೂತಿದ್ರೆ ಇನ್ನೊಂದು ಅಗ್ಗದ ಇನ್‌ಕ್ಯುಬೇಟರ್ ಆಗಿರೋದು.

ಫೈನಲ್ ಇಯರ್ ಪ್ರಾಜೆಕ್ಟ್ ದುಡ್ಡು ಕೊಟ್ಟು ರೆಡಿಮೇಡ್ ತರ್ಬೇಡ ಮಾರಾಯ. ಅದು ನಿನ್ನ ಕೈಲಿರೋ ಒಂದೇ ಒಂದು ಅವಕಾಶ.

ಪ್ರಶ್ನೆ: ನಾವು ದುಬೈನಲ್ಲಿದೀವಿ. ಮಗಳು ಯುಕೆಗೆ ಹೋಗಿ ಪ್ರಾಡಕ್ಟ್ ಡಿಸೈನ್ ಎಂಜಿನಿಯರಿಂಗ್ ಓದ್ತೀನಿ ಅಂತಾಳೆ. ಎಲ್ಲಿ ಒಳ್ಳೇದು?
– ತಾಯಿ, ದುಬೈ

ಉತ್ತರ: ಇದೇ ಹೆಸರಿನ ಡಿಗ್ರಿಗೆ ಗ್ಲಾಸ್ಗೋ ವಿಚಾರಿಸಿ. ಅಲ್ಲಿ ಗ್ಲಾಸ್ಗೋ ಯೂನಿವರ್ಸಿಟಿ ಮತ್ತೆ ಗ್ಲಾಸ್ಗೋ ಸ್ಕೂಲ್ ಆಫ್ ಆರ್ಟ್ ಸೇರಿ ನಡೆಸ್ತಾರೆ, ಎಂಜಿನಿಯರಿಂಗ್ ಪಾಠ ಒಂದು ಕಡೆ, ಸ್ಟುಡಿಯೋ ಇನ್ನೊಂದು ಕಡೆ. ಸ್ಕಾಟ್ಲೆಂಡಲ್ಲಿ ಬಿ.ಎಂಗ್, ಅಂದ್ರೆ ಎಂಜಿನಿಯರಿಂಗ್ ಡಿಗ್ರಿ, ನಾಲ್ಕು ವರ್ಷ, ಮಾಸ್ಟರ್ಸ್ ಮಟ್ಟದ ಎಂ.ಎಂಗ್ ಐದು, ಇಂಗ್ಲೆಂಡಿಗಿಂತ ಒಂದು ವರ್ಷ ಜಾಸ್ತಿ, ಖರ್ಚಿನ ಲೆಕ್ಕ ಹಾಕೋವಾಗ ಅದು ನೆನಪಿರ್ಲಿ. ಮುಂದೆ ಮಾಸ್ಟರ್ಸ್ ಅಂದ್ರೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್, ಇಂಪೀರಿಯಲ್ ಕಾಲೇಜ್ ಸೇರಿ ನಡೆಸೋ ಇನ್ನೊವೇಶನ್ ಡಿಸೈನ್ ಎಂಜಿನಿಯರಿಂಗ್ ಇದೆ. ಬರೀ ಪ್ರಾಡಕ್ಟ್ ಡಿಸೈನ್ ಅಂತಿರೋ ಕೋರ್ಸಿಗೂ ಇದಕ್ಕೂ ವ್ಯತ್ಯಾಸ ಇದೆ, ಡಿಗ್ರಿ ಬಿ.ಎಸ್ಸಿಯಾ, ಬಿ.ಎಯಾ, ಬಿ.ಎಂಗಾ ಅಂತ ನೋಡಿನೇ ಅರ್ಜಿ ಹಾಕಿಸಿ, ಮ್ಯಾಥ್ಸ್ ಬಿಡದ ಹಾಗೆ ನೋಡ್ಕೊಳ್ಳಿ.

ಪ್ರಶ್ನೆ: ಸೇರೋ ಮುಂಚೆ ದೊಡ್ಡ ಲ್ಯಾಪ್‌ಟಾಪು, ತ್ರೀಡಿ ಪ್ರಿಂಟರು ಕೊಡಿಸ್ಬೇಕಾ?
– ಓದುಗರು, ಮೈಸೂರು

ಉತ್ತರ: ಬೇಡ. ಲ್ಯಾಪ್‌ಟಾಪ್ ಕೋರ್ಸ್ ಶುರುವಾಗಿ ಕಾಲೇಜಿನವರು ಹೇಳಿದ್ಮೇಲೆ ತಗೊಳ್ಳಿ, ಫ್ಯೂಷನ್ ಥರದ ತ್ರೀಡಿ ಮಾಡೆಲ್ ಮಾಡೋ ಸಾಫ್ಟ್‌ವೇರ್ ವಿದ್ಯಾರ್ಥಿಗಳಿಗೆ ಉಚಿತವಾಗೇ ಸಿಗತ್ತೆ. ಪ್ರಿಂಟರ್ ಕಾಲೇಜಲ್ಲೇ ಇರ್ಬೇಕು. ಈಗ ಕೊಡಿಸೋದಾದ್ರೆ ಒಂದು ಒಳ್ಳೇ ಸ್ಟೀಲ್ ಸ್ಕೇಲು, ಕಟರ್, ವರ್ನಿಯರ್ ಕ್ಯಾಲಿಪರ್, ಮಾಡೆಲ್ ಮಾಡೋಕೆ ರಾಶಿ ಸನ್‌ಬೋರ್ಡು (ಹಗುರ ಫೋಮ್ ಶೀಟು), ಒಂದು ಬಂಡಲ್ ಅಗ್ಗದ ಬಿಳಿ ಹಾಳೆ ಕೊಡಿಸಿ.