ಸೈಲೆನ್ಸರ್ ಬದಲಿಸಿದರೆ ಪಿಕಪ್ ಜಾಸ್ತಿ ಆಗುತ್ತಾ?

ಪ್ರಶ್ನೆ: ಸರ್, ನಮ್ಮದು ಗಂಗಾವತಿ. 2018ರ ಪೆಟ್ರೋಲ್ ಸ್ವಿಫ್ಟ್ ಇದೆ. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ, ಅಷ್ಟೇ ಓಡಾಟ. ಹಿಂದಿನ ಸೈಲೆನ್ಸರ್ ಡಬ್ಬಿ ತುಕ್ಕು ಹಿಡಿದು ತೂತಾಗಿದೆ, ಸದ್ದು ಬಹಳ. ನನ್ನ ಗೆಳೆಯ ಟ್ರಾಕ್ಟರ್ ಟ್ರೈಲರ್ ವೆಲ್ಡಿಂಗ್ ಮಾಡುತ್ತಾನೆ. ‘ಹೆಂಗೂ ಬಿಚ್ಚುತ್ತೀವಲ್ಲ, ದಪ್ಪ ಪೈಪ್ ಹಾಕೋಣ, ಮುಂದಿನ ಕ್ಯಾಟಲಿಟಿಕ್ ಕನ್ವರ್ಟರನ್ನೂ ತೆಗೆದುಬಿಡೋಣ, ಪಿಕಪ್ಪು ಮೈಲೇಜು ಎರಡೂ ಏರುತ್ತೆ’ ಅಂತಾನೆ. ಮನೆ ಮುಂದೆಯೇ ಮಾಡಬಹುದಾ?

ಉತ್ತರ: ಡಬ್ಬಿ ಬದಲಿಸುವ ಕೆಲಸವನ್ನು ನೀವಿಬ್ಬರೇ ಮಾಡಬಹುದು, ತೊಂದರೆ ಇಲ್ಲ. ದಪ್ಪ ಪೈಪ್ ಬೇಡ. ಹೊಗೆಯ ವಿಷ ತಗ್ಗಿಸುವ ಕನ್ವರ್ಟರನ್ನಂತೂ ಮುಟ್ಟಲೇಬೇಡಿ.

ಮೊದಲು ಪಿಕಪ್ ವಿಷಯ. ನಿಮ್ಮದು 1197 ಸಿಸಿ ಎಂಜಿನ್. ಅದು ಬಿಡುವ ಹೊಗೆಗೆ ಕಂಪನಿ ಕೊಟ್ಟ ಪೈಪೇ ಸಾಕು. ಹೊಗೆ ಒಂದೇ ಸಮನೆ ಹರಿದು ಬರುವುದಿಲ್ಲ. ನಾಲ್ಕು ಸಿಲಿಂಡರ್‌ಗಳಿಂದ ಒಂದರ ಹಿಂದೆ ಒಂದು ನೂಕಿಕೊಂಡು ಬರುತ್ತದೆ. ರಭಸದಿಂದ ಹೋದ ಹೊಗೆ ತನ್ನ ಹಿಂದೆ ಒತ್ತಡ ತಗ್ಗಿಸಿ, ಮುಂದಿನದನ್ನು ಎಳೆದುಕೊಳ್ಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆ ನೋಡುತ್ತಾ ಬೆಳೆದವರು ನೀವು. ಕಿರಿದಾದ ಕಡೆ ನೀರು ಓಡುತ್ತೆ, ಅಗಲವಾದ ಕಡೆ ತೆವಳುತ್ತೆ, ಅಲ್ವಾ? ದಪ್ಪ ಪೈಪಿನಲ್ಲಿ ಹೊಗೆಯ ಪಾಡೂ ಅದೇ. ಕಡಿಮೆ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಕಡಿಮೆ ಸುತ್ತು ತಿರುಗುವಾಗ, ಎಳೆತ ತುಸು ತಗ್ಗುತ್ತದೆ. ಪೇಟೆಯೊಳಗೆ ನೀವು ಗಾಡಿ ಓಡಿಸುವುದೇ ಆ ಆರ್‌ಪಿಎಂನಲ್ಲಿ. ಏರುವುದು ಸದ್ದು ಮಾತ್ರ. ಸದ್ದು ಏರಿದರೆ ಗಾಡಿ ಜೋರಾಗಿ ಹೋಗುತ್ತಿದೆ ಅಂತ ಕಿವಿಗೆ ಅನ್ನಿಸುತ್ತೆ, ಸ್ಪೀಡೋಮೀಟರ್ ಮುಳ್ಳಿಗೆ ಅನ್ನಿಸುವುದಿಲ್ಲ.

ಪಿಕಪ್ ನಿಜಕ್ಕೂ ಕಡಿಮೆ ಆಗಿದ್ದರೆ ಏರ್ ಫಿಲ್ಟರ್ ತೆಗೆದು ನೋಡಿ. ಗಿಣಿಗೇರಾ, ತೋರಣಗಲ್ಲು ಕಡೆ ಧೂಳಲ್ಲಿ ಓಡಾಡುವ ಗಾಡಿಗಳಿಗೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್‌ವರೆಗೆ ಕಾಯುವುದು ಬೇಡ. ಆಮೇಲೆ ಸ್ಪಾರ್ಕ್ ಪ್ಲಗ್, ಟಯರ್ ಗಾಳಿ, ಕ್ಲಚ್.

ಕನ್ವರ್ಟರ್ ಒಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪಿಸಿದ ಜೇನುಗೂಡಿನಂಥ ಭಾಗ ಇರುತ್ತದೆ. ಕಾರ್ಬನ್ ಮಾನಾಕ್ಸೈಡ್‌ನಂಥ ವಿಷದ ಅನಿಲಗಳನ್ನು ಅದು ಬೇರೆ ರೂಪಕ್ಕೆ ತಿರುಗಿಸುತ್ತದೆ. ಅದರ ಹಿಂದೆ ಕೂತಿರುವ ಆಕ್ಸಿಜನ್ ಸೆನ್ಸರ್ ಈ ಕೆಲಸ ನಡೀತಿದೆಯಾ ಅಂತ ನೋಡುತ್ತಲೇ ಇರುತ್ತದೆ. ಕನ್ವರ್ಟರ್ ತೆಗೆದರೆ ಚೆಕ್ ಎಂಜಿನ್ ದೀಪ ಹತ್ತುತ್ತದೆ. ಎಮಿಷನ್ ಟೆಸ್ಟ್‌ನಲ್ಲೂ ಸಿಕ್ಕಿಬೀಳುವ ಸಂಭವ ಹೆಚ್ಚು. ನಿಮ್ಮದು ಬಿಎಸ್4 (ಭಾರತ್ ಸ್ಟೇಜ್ 4 ಹೊಗೆ ನಿಯಮದ) ಗಾಡಿ, ಅದಕ್ಕೆ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ 0.3 ಮಾತ್ರ. ಒಂದು ಮಾತು ಪಕ್ಕಕ್ಕೆ ಹೇಳುತ್ತೇನೆ: ‘ಕನ್ವರ್ಟರ್ ಪುಕ್ಕಟೆ ತೆಗೆದುಕೊಡ್ತೀನಿ’ ಅನ್ನುವವರು ಸಿಕ್ಕರೆ ಹುಷಾರು. ಆ ಲೋಹಗಳಿಗೆ ಒಳ್ಳೆ ಬೆಲೆ ಇದೆ.

ಕಾನೂನು ಕೂಡ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿದೆ. ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಆಗಬಹುದು. ಸದ್ದು, ಹೊಗೆಯ ನಿಯಮ ಮುರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಇದೆ.

ಇನ್ನು ಡಬ್ಬಿ. ಒಣ ಊರಲ್ಲಿ ಅದು ಯಾಕೆ ತುಕ್ಕು ಹಿಡಿಯಿತು? ನಿಮ್ಮ ಪತ್ರದಲ್ಲೇ ಉತ್ತರ ಇದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ದೂರ ಓಡಿಸಿದರೆ ಪೈಪ್ ಕಾದು ಅದು ಆವಿಯಾಗಿ ಹೋಗುತ್ತೆ. ಅಂಗಡಿ ಮುಟ್ಟುವಷ್ಟರಲ್ಲಿ ನಿಲ್ಲಿಸಿದರೆ ಡಬ್ಬಿಯೊಳಗೇ ನಿಂತು ಒಳಗಿನಿಂದ ತಿನ್ನುತ್ತೆ. ಅದಕ್ಕೇ ಎಷ್ಟೋ ಡಬ್ಬಿಗಳ ಅಡಿಯಲ್ಲಿ ಕಂಪನಿಯವರೇ ಒಂದು ಸಣ್ಣ ತೂತು ಬಿಟ್ಟಿರುತ್ತಾರೆ. ಹೊಸ ಡಬ್ಬಿಯಲ್ಲಿ ಅದನ್ನು ನೋಡಿ, ಲೀಕ್ ಅಂದುಕೊಂಡು ಗೆಳೆಯರು ವೆಲ್ಡ್ ಮಾಡಿಬಿಟ್ಟಾರು! ವಾರಕ್ಕೊಮ್ಮೆ ಹೊಸಪೇಟೆವರೆಗೆ ಹೋಗಿ ಬಂದರೆ ಡಬ್ಬಿ ಜಾಸ್ತಿ ದಿನ ಬಾಳುತ್ತೆ.

ನಿಮ್ಮ ಮಾಡೆಲ್‌ಗೇ ಹೊಂದುವ ಡಬ್ಬಿ, ಜಾಯಿಂಟ್ ಸೋರದಂತೆ ತಡೆಯುವ ಹೊಸ ಗ್ಯಾಸ್ಕೆಟ್, ಡಬ್ಬಿ ತೂಗುಹಾಕುವ ಹೊಸ ಹ್ಯಾಂಗರ್ ರಬ್ಬರ್ ತನ್ನಿ. ಮನೆಯಲ್ಲಿ ಉಳಿದ ಬೋರ್‌ವೆಲ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್ ಬಳಸುವ ಆಸೆ ಬೇಡ. ಭಾರಕ್ಕೆ ರಬ್ಬರ್ ಹರಿಯುತ್ತೆ. ವೆಲ್ಡ್ ಮಾಡುವಾಗ ಅದರ ಸತುವಿನ ಹೊಗೆ ಕುಡಿದರೆ ಸಂಜೆಗೆ ಚಳಿಜ್ವರ ಬರುತ್ತೆ, ಇದು ನಿಮ್ಮ ಗೆಳೆಯರಿಗೂ ಗೊತ್ತಿರಬಹುದು.

ಗಾಡಿ ಎತ್ತುವಾಗಲೇ ಜೀವ ಹೋಗುವ ತಪ್ಪುಗಳಾಗುವುದು. ಹಿಂದಿನ ಚಕ್ರ ನೆಲ ಬಿಟ್ಟರೆ ಹ್ಯಾಂಡ್‌ಬ್ರೇಕ್ ಇದ್ದೂ ಇಲ್ಲದಂತೆ, ಯಾಕೆಂದರೆ ಅದು ಹಿಡಿಯುವುದು ಆ ಚಕ್ರಗಳನ್ನೇ. ಗೇರ್‌ನಲ್ಲಿ ನಿಲ್ಲಿಸಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಿ. ಎರೆ ಮಣ್ಣಿನ ಅಂಗಳ ಬೇಡ, ಕಾಂಕ್ರೀಟ್ ನೆಲ ಹುಡುಕಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಎತ್ತಿದ ಗಾಡಿಯ ಭಾರ ಹೊರುವ ಎರಡು ಜಾಕ್ ಸ್ಟ್ಯಾಂಡ್ ಇರಲೇಬೇಕು. ಇಟ್ಟಿಗೆ ಪೇರಿಸುವುದು ಸ್ಟ್ಯಾಂಡ್ ಅಲ್ಲ.

ಗಾಡಿ ಪೂರ್ತಿ ತಣ್ಣಗಾಗಿರಲಿ. ತುಕ್ಕಿನ ಬೋಲ್ಟ್‌ಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಡಬ್ಲ್ಯೂಡಿ-40 ಸ್ಪ್ರೇ ಹೊಡೆದಿಡಿ. ರಬ್ಬರ್ ಬಿಡದಿದ್ದರೆ ಸೋಪಿನ ನೀರು ಸವರಿ. ವೆಲ್ಡಿಂಗ್ ಬೇಕಾದರೆ ಪೈಪನ್ನು ಪೂರ್ತಿ ಹೊರಗೆ ತಂದು ದೂರದಲ್ಲಿ ಮಾಡಿ. ಹಿಂದಿನ ಸೀಟಿನ ಕೆಳಗೇ ಪೆಟ್ರೋಲ್ ಟ್ಯಾಂಕ್ ಇದೆ.

ಜೋಡಿಸಿದ ಮೇಲೆ ಬಯಲಲ್ಲೇ ಸ್ಟಾರ್ಟ್ ಮಾಡಿ, ಶೆಡ್ಡಿನೊಳಗೆ ಬೇಡ. ಪೈಪ್ ಬಿಸಿಯಾಗುವ ಮೊದಲೇ ಒಬ್ಬರು ದಪ್ಪ ಬಟ್ಟೆಯಿಂದ ಬಾಲದ ತುದಿಯನ್ನು ಅರೆಕ್ಷಣ ಅದುಮಿದರೆ, ಜಾಯಿಂಟ್ ಸಡಿಲ ಇದ್ದ ಕಡೆ ‘ಪುಸ್’ ಅನ್ನುತ್ತೆ. ಅಲ್ಲಿ ಸೋರಿದ ಕಾರ್ಬನ್ ಮಾನಾಕ್ಸೈಡ್ ಕ್ಯಾಬಿನ್ನಿಗೆ ಸೇರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಗಾಡಿಯಲ್ಲಿ ಕೂತಾಗ ತಲೆನೋವು, ವಾಕರಿಕೆ, ತೂಕಡಿಕೆ ಬಂದರೆ ತಕ್ಷಣ ಇಳಿದು ಗಾಳಿಗೆ ಬನ್ನಿ, ಗಾಡಿ ಓಡಿಸಬೇಡಿ. ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ.