ಕುದುರೆ ಮರಗಟ್ಟಿ ನಿಲ್ಲುತ್ತದೆ, ಏನು ಮಾಡಲಿ?

ಪ್ರಶ್ನೆ: ನಾನು ಹೈಸ್ಕೂಲು ಶಿಕ್ಷಕಿ. ಎರಡು ವರ್ಷದಿಂದ ಜಲವರ್ಣದಲ್ಲಿ ಕುದುರೆ ಬರೆಯುತ್ತಿದ್ದೇನೆ. ಫೋಟೊ ನೋಡಿ ಪೆನ್ಸಿಲ್ ಗೆರೆ ಹಾಕಿ ಬಣ್ಣ ತುಂಬಿದರೆ ಮರದ ಆಟಿಕೆಯ ಹಾಗೆ ಕಾಣುತ್ತದೆ. ಗೆರೆ ಬಿಟ್ಟು ಬ್ರಷ್ ಬೀಸಿದರೆ ನಾಯಿಯೋ ಕರುವೋ ಆಗುತ್ತದೆ. ಕೈ ಸಡಿಲವಾಗುವುದು ಹೇಗೆ?
– ಓದುಗರೊಬ್ಬರು, ಮಂಡ್ಯ

ಉತ್ತರ: ತಪ್ಪು ನಿಮ್ಮ ಕೈಯದಲ್ಲ. ಕುದುರೆಯ ಮುಂಗಾಲು ಮಡಚುವ ಗಂಟನ್ನು ನಾವು ಮೊಣಕಾಲು ಅಂದುಕೊಂಡಿದ್ದೇವೆ. ಎಲುಬಿನ ಲೆಕ್ಕದಲ್ಲಿ ಅದು ನಮ್ಮ ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿರುವ ಮೂಲೆ ನಮ್ಮ ಹಿಮ್ಮಡಿ. ಗೊರಸು ಒಂದೇ ಬೆರಳಿನ ಉಗುರು. ಅಷ್ಟು ದೊಡ್ಡ ಪ್ರಾಣಿ ನಾಲ್ಕು ಬೆರಳ ತುದಿಯಲ್ಲಿ ನಿಂತಿದೆ! ಮಣಿಕಟ್ಟು, ಹಿಮ್ಮಡಿ ಎರಡೂ ಸರಿಯಾದ ಜಾಗದಲ್ಲಿದ್ದರೆ ಉಳಿದದ್ದನ್ನು ನೀರಿಗೆ ಬಿಟ್ಟರೂ ಕುದುರೆ ಕುದುರೆಯಾಗಿಯೇ ಇರುತ್ತದೆ.

ನನಗಿದು ತಿಳಿದದ್ದು ಮೈಸೂರು ಅರಮನೆ ಹತ್ತಿರ ಬಾಡಿಗೆಗೆ ಕಾಯುವ ಟಾಂಗಾ ಕುದುರೆಗಳಿಂದ. ಕಾದು ನಿಂತ ಕುದುರೆ ಒಂದು ಹಿಂಗಾಲನ್ನು ಸಡಿಲ ಬಿಟ್ಟು ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿರುತ್ತದೆ. ಆ ಕಡೆಯ ಸೊಂಟ ಇಳಿದಿರುತ್ತದೆ, ಹಿಂಭಾಗದ ಭಾರವೆಲ್ಲ ಇನ್ನೊಂದು ಕಾಲಿನ ಮೇಲೆ. ಸ್ವಲ್ಪ ಹೊತ್ತಿಗೆ ಕಾಲು ಬದಲಾಯಿಸುತ್ತದೆ. ಅಷ್ಟರೊಳಗೆ ಇದ್ದಿಲಿನಲ್ಲಿ ಬೆನ್ನಿನ ಒಂದು ಗೆರೆ, ಭಾರ ಹೊತ್ತ ಕಾಲು, ಇಷ್ಟೇ ಹಿಡಿಯುತ್ತಿದ್ದೆ. ಕಣ್ಣು, ಜೂಲು ಯಾವುದೂ ಇಲ್ಲ. ಒಂದೊಂದು ಬೆಳಿಗ್ಗೆ ನಲವತ್ತು ಹಾಳೆ ಖರ್ಚಾಗುತ್ತಿತ್ತು.

ಓಡುವ ಕುದುರೆಗೆ ಇನ್ನೂ ಕೈ ಹಾಕಬೇಡಿ. 1821ರಲ್ಲಿ ಫ್ರೆಂಚ್ ಚಿತ್ರಕಾರ ಜೆರಿಕೊ ಬರೆದ ‘ಎಪ್ಸಮ್ ಡರ್ಬಿ’ ಎಂಬ ಕುದುರೆ ಪಂದ್ಯದ ಚಿತ್ರದಲ್ಲಿ ಕುದುರೆಗಳು ನಾಲ್ಕೂ ಕಾಲು ಚಾಚಿ ತೇಲುತ್ತವೆ. 1878ರಲ್ಲಿ ಛಾಯಾಗ್ರಾಹಕ ಮೈಬ್ರಿಜ್ ಕ್ಯಾಲಿಫೋರ್ನಿಯಾದಲ್ಲಿ ಸಾಲು ಕ್ಯಾಮೆರಾ ಇಟ್ಟು ಓಡುವ ಕುದುರೆಯ ಫೋಟೊ ತೆಗೆದಾಗ ಗೊತ್ತಾಯಿತು: ನಾಗಾಲೋಟದಲ್ಲಿ ಕಾಲುಗಳೆಲ್ಲ ನೆಲ ಬಿಡುವುದು ಅವು ಹೊಟ್ಟೆಯಡಿ ಸೇರಿದಾಗ. ಜೆರಿಕೊನ ಚಿತ್ರ ನನಗೆ ಈಗಲೂ ಪ್ರಾಣ, ಆದರೆ ಕಾಲು ಕಲಿಯಲು ಅದನ್ನು ನಕಲು ಮಾಡಬೇಡಿ. ನೋಡುವುದಾದರೆ ಚೀನಾದ ಚಿತ್ರಕಾರ ಶೂ ಬೇಯ್‌ಹೋಂಗ್ ಅವರ ಮಸಿ ಕುದುರೆಗಳನ್ನು ನೋಡಿ. 1939ರಲ್ಲಿ ಶಾಂತಿನಿಕೇತನಕ್ಕೆ ಬಂದಿದ್ದವರು. ಜೂಲು, ಬಾಲ ಒಂದೇ ಬೀಸು. ಕಾಲಿನ ಗಂಟುಗಳು ಮಾತ್ರ ಕರಾರುವಾಕ್ಕು. ಪ್ಯಾರಿಸ್‌ನಲ್ಲಿ ಕಲಿತು ಪಳಗಿದ ಕೈ.

ಮನೆಯಲ್ಲಿ ಹೀಗೆ ಮಾಡಿ. 300 ಜಿಎಸ್‌ಎಂನ ದಪ್ಪ ಹಾಳೆಯಲ್ಲಿ ಎದೆ, ಹೊಟ್ಟೆ, ತೊಡೆಯ ಜಾಗವನ್ನಷ್ಟೇ ನೀರಿನಿಂದ ಒದ್ದೆ ಮಾಡಿ. 12ನೇ ನಂಬರ್ ಬ್ರಷ್ ತುಂಬ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ತೆಗೆದುಕೊಂಡು ಬಿಡಿ, ಅದು ಹಸಿಯಿರುವಾಗಲೇ ಹೊಟ್ಟೆಯಡಿಗೆ ಅಲ್ಟ್ರಾಮರೀನ್ ನೀಲಿ ತಾಗಿಸಿ. ಎರಡೂ ಬೆರೆತು ನೆರಳು ತಾನಾಗಿ ಆಗುತ್ತದೆ. ಗಂಟುಗಳ ಹತ್ತಿರ ಹಾಳೆ ಒಣಗಿರಲಿ, ಅಲ್ಲಿ ಅಂಚು ಚೂಪಾಗಿ ನಿಲ್ಲಬೇಕು. ಸಡಿಲ ಬಿಟ್ಟ ಕಾಲಿನ ಗೊರಸು ನೆಲದ ಬಣ್ಣದಲ್ಲಿ ಕರಗಿ ಹೋದರೆ ಹೋಗಲಿ, ತಿದ್ದಬೇಡಿ.

ಮಂಡ್ಯದಿಂದ ಮೈಸೂರು ದೂರವಲ್ಲ. ಭಾನುವಾರ ಬೆಳಗಿನ ರೈಲಿಗೆ ಇದ್ದಿಲು ಹಿಡಿದು ಬನ್ನಿ. ಬರೆದ ಹಾಳೆಯನ್ನು ಟಾಂಗಾದವರಿಗೆ ತೋರಿಸಿ. ಯಾವ ಕಾಲು ಭಾರ ಹೊರುತ್ತಿಲ್ಲ ಅಂತ ಅವರು ಒಂದೇ ನೋಟಕ್ಕೆ ಹೇಳುತ್ತಾರೆ.